ಬೆಂಗಳೂರು–ಲಂಡನ್: 8,040 ಕಿ.ಮೀ.ಗೆ ಒಂಬತ್ತು ಗಂಟೆ ಯಾಕೆ ಸಾಲಲ್ಲ?

8,040 ಕಿ.ಮೀ.ಯನ್ನು ವಿಮಾನದ ವೇಗ ಅಂತ ಗಂಟೆಗೆ 900 ಕಿ.ಮೀ. ಹಿಡಿದು ಭಾಗಿಸಿದರೆ ಒಂಬತ್ತು ಗಂಟೆ ಬರುತ್ತೆ, ನೇರ ವಿಮಾನದ ಟಿಕೆಟ್‌ನಲ್ಲಿ ಮಾತ್ರ ಹೋಗೋಕೆ 10 ಗಂಟೆ 45 ನಿಮಿಷ, ಬರೋಕೆ 9 ಗಂಟೆ 40 ನಿಮಿಷ ಅಂತಿದೆ ಯಾಕೆ ಅಂತ ಕೇಳಿದ್ದೀರಿ. ನಿಮ್ಮ ಭಾಗಾಕಾರ ಸರಿಯಾಗೇ ಇದೆ, ಹಿಡಿದ ಅಂಕಿಗಳು ಸರಿಯಿಲ್ಲ.

ಮೊದಲು ದೂರ. 8,040 ಅನ್ನೋದು ಕೆಂಪೇಗೌಡ ನಿಲ್ದಾಣದಿಂದ ಲಂಡನ್‌ನ ಹೀಥ್ರೂ ನಿಲ್ದಾಣಕ್ಕೆ ಗ್ಲೋಬ್ ಮೇಲೆ ದಾರ ಎಳೆದು ಹಿಡಿದರೆ ಸಿಗೋ ಅತಿ ಚಿಕ್ಕ ದೂರ. ಆ ಗೆರೆ ಕರಾಚಿ ಹತ್ತಿರ ದಾಟಿ ಪೂರ್ವ ಇರಾನ್, ಅಜೆರ್‌ಬೈಜಾನ್, ಕ್ರೈಮಿಯಾ, ಉಕ್ರೇನ್ ಮೇಲೆ ಹಾದುಹೋಗುತ್ತೆ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಆಕಾಶವನ್ನು ನಾಗರಿಕ ವಿಮಾನಗಳಿಗೆ ಮುಚ್ಚಿದರು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತೀಯ ಕಂಪನಿಗಳಿಗೆ ಮುಚ್ಚಿತು. ಹಾಗಾಗಿ ಒಂದೇ ದಿನ, ಒಂದೇ ಊರಿಗೆ ಹೋಗೋ ಎರಡು ಕಂಪನಿಗಳ ದಾರಿ ಬೇರೆಬೇರೆ ಇರಬಹುದು. ಅಂದಾಜಿಗೆ 8,500 ಕಿ.ಮೀ. ಹಿಡೀರಿ.

ಇನ್ನು ವೇಗ. ಬೋಯಿಂಗ್ 787ರಂಥ ವಿಮಾನ ಸುಮಾರು 35,000 ಅಡಿಯಲ್ಲಿ ಮ್ಯಾಕ್ 0.85ರಲ್ಲಿ, ಅಂದರೆ ಶಬ್ದದ ವೇಗದ 85%ರಲ್ಲಿ, ಹಾರಿದರೆ ಗಂಟೆಗೆ ಹೆಚ್ಚುಕಡಿಮೆ 905 ಕಿ.ಮೀ. ಆದರೆ ಅದು ಗಾಳಿಯೊಳಗಿನ ವೇಗ. ನೆಲದ ಲೆಕ್ಕಕ್ಕೆ ಬೇಕಾದ ವೇಗ ಅದಲ್ಲ. ಆ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಅನ್ನೋ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತೆ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ. ದಾರಿಯುದ್ದಕ್ಕೂ ಸರಾಸರಿ ಗಂಟೆಗೆ 50 ಕಿ.ಮೀ.ನಷ್ಟು ಗಾಳಿ ಅಂದುಕೊಂಡರೆ ಹೋಗೋಕೆ ಸುಮಾರು 855, ಬರೋಕೆ 955. ಅಂದರೆ ಆಕಾಶದಲ್ಲಿ ಹತ್ತು ಗಂಟೆ ಒಂದು ಕಡೆ, ಒಂಬತ್ತಕ್ಕಿಂತ ಚೂರು ಕಮ್ಮಿ ಇನ್ನೊಂದು ಕಡೆ. ಚಳಿಗಾಲದಲ್ಲಿ ಗಾಳಿ ಜೋರು, ಅಂತರವೂ ಜಾಸ್ತಿ.

ಇದಕ್ಕೆ ಏರೋ–ಇಳಿಯೋ ನಿಧಾನಕ್ಕೆ ಇಪ್ಪತ್ತು ನಿಮಿಷ, ಎರಡೂ ಕಡೆ ಟ್ಯಾಕ್ಸಿಗೆ (ಗೇಟು–ರನ್‌ವೇ ನಡುವೆ ವಿಮಾನ ನೆಲದ ಮೇಲೆ ಓಡೋದಕ್ಕೆ) ಒಟ್ಟು ಇಪ್ಪತ್ತೈದು ನಿಮಿಷ ಸೇರಿಸಿ. ಟಿಕೆಟ್‌ನಲ್ಲಿ ಇರೋದು ಗೇಟಿನಿಂದ ಗೇಟಿಗೆ ಹಿಡಿಯೋ ಸಮಯ, ಹಾರಾಟದ ಸಮಯವಲ್ಲ. ಅರ್ಧ ಗಂಟೆ ತಡವಾಗಿ ಹೊರಟ ವಿಮಾನವೂ ಎಷ್ಟೋ ಸಲ ಸರಿಯಾದ ಹೊತ್ತಿಗೆ ಇಳಿಯೋದು ಕಂಪನಿಗಳು ಇದರ ಮೇಲೂ ಒಂದಿಷ್ಟು ಜಾಸ್ತಿ ಇಟ್ಟಿರೋದರಿಂದ.

ಹೆಚ್ಚು ಜನ ಎಡವೋದು ಗಡಿಯಾರದಲ್ಲಿ. ಬೆಳಿಗ್ಗೆ 7ಕ್ಕೆ ಹೊರಟರೆ 10:45 ಕೂಡಿಸಿ ನಮ್ಮ ಸಮಯ ಸಂಜೆ 5:45. ಅದರಲ್ಲಿ ಲಂಡನ್ ನಮಗಿಂತ ಹಿಂದಿರೋ 5:30 ಗಂಟೆ ಕಳೆದರೆ ಅಲ್ಲಿ ಮಧ್ಯಾಹ್ನ 12:15. ಇದು ಚಳಿಗಾಲದ ಲೆಕ್ಕ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆಗ 4:30 ಮಾತ್ರ ಕಳೀಬೇಕು. ವಾಪಸ್ ಬರುವಾಗ ಹೆಚ್ಚಾಗಿ ತಾರೀಖು ಬದಲಾಗುತ್ತೆ. ಟಿಕೆಟ್‌ನಲ್ಲಿ +1 (ಅಂದರೆ ಇಳಿಯೋದು ಮರುದಿನ) ಇದೆಯಾ ನೋಡಿ, ನೋಡದಿದ್ದರೆ ಕರ್ಕೊಂಡು ಬರೋಕೆ ಬರುವವರು ಒಂದು ದಿನ ಮೊದಲೇ ಏರ್‌ಪೋರ್ಟ್‌ನಲ್ಲಿ ನಿಂತಿರ್ತಾರೆ.

ದುಬೈ ಮೇಲೆ ಹೋದರೆ ಬಹಳ ಸುತ್ತಾಗುತ್ತೆ ಅಂತ ಕೆಲವರು ಅನ್ನುತ್ತಾರೆ. ದೂರ ಅಷ್ಟೇನೂ ಹೆಚ್ಚಲ್ಲ: ಬೆಂಗಳೂರು–ದುಬೈ ಸುಮಾರು 2,700, ದುಬೈ–ಲಂಡನ್ 5,500, ನೇರ ಗೆರೆಗಿಂತ 160 ಕಿ.ಮೀ. ಜಾಸ್ತಿ ಅಷ್ಟೇ. ಸಮಯ ತಿನ್ನೋದು ಇನ್ನೊಂದು ಸಲ ಇಳಿದು ಏರೋದು ಮತ್ತು ನಡುವಿನ ಕಾಯುವಿಕೆ. ಎರಡು ಗಂಟೆಗಿಂತ ಕಮ್ಮಿ ಬಿಡುವಿನ ಟಿಕೆಟ್ ನಾನಂತೂ ತಗೊಳ್ಳಿ ಅನ್ನಲ್ಲ. ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿರಲಿ (ಒಂದೇ ಬುಕಿಂಗ್ ಸಂಖ್ಯೆ). ಬೇರೆಬೇರೆ ಕೊಂಡಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಹೊಸ ಟಿಕೆಟ್ ಖರ್ಚು ನಿಮ್ಮದೇ.