ಲಿಬರಲ್ ಅಂದರೆ ಎಡವೋ ಬಲವೋ?

ಪ್ರಶ್ನೆ: ಅಮೆರಿಕದಲ್ಲಿ ಲಿಬರಲ್ ಅಂದರೆ ಎಡಪಂಥೀಯರು, ಆಸ್ಟ್ರೇಲಿಯಾದ ಲಿಬರಲ್ ಪಾರ್ಟಿ ಬಲಪಂಥೀಯ. ಯಾವುದು ಸರಿ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಎರಡೂ ಸರಿ. ಬೇರು ಒಂದೇ, ವ್ಯಕ್ತಿಯ ಸ್ವಾತಂತ್ರ್ಯ. ಅದಕ್ಕೆ ಅಡ್ಡ ಬರುವುದು ಏನು ಅನ್ನುವುದರಲ್ಲಿ ಮಾತ್ರ ಜಗಳ. ನಿಮ್ಮೂರಿನ ಕಾಫಿಯನ್ನೇ ನೋಡಿ. ಹಿಂದೆ ಬೆಳೆಗಾರರು ಕಾಫಿಯನ್ನೆಲ್ಲ ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೇ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟು ಸೇರಿಸಿ ಮಾರುವ ವ್ಯವಸ್ಥೆಗೇ ಕೊಡಬೇಕಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. 1996ರ ಹೊತ್ತಿಗೆ ಎಲ್ಲರೂ ಬೇಕಾದವರಿಗೆ ಮಾರಬಹುದು ಅಂತಾಯಿತು. ಸರ್ಕಾರ ಅಡ್ಡ ಬರಬಾರದು ಅನ್ನುವ ಹಳೇ ಅರ್ಥದ ಲಿಬರಲ್ ನಡೆ ಇದು. ಆದರೆ ತೋಟದ ಲೈನ್ ಮನೆಯಲ್ಲಿರುವ ಕೂಲಿಕಾರರಿಗೆ ಶಾಲೆ, ಆಸ್ಪತ್ರೆಯೇ ಇಲ್ಲದಿದ್ದರೆ ಅದೆಂಥ ಸ್ವಾತಂತ್ರ್ಯ, ಅದನ್ನು ಸರ್ಕಾರ ಕೊಡಬೇಕು ಅನ್ನುವವರೂ ಲಿಬರಲ್‌ಗಳೇ ಅಲ್ವಾ? 1930ರ ದಶಕದಲ್ಲಿ, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕಾಲದಲ್ಲಿ, ಅಮೆರಿಕದಲ್ಲಿ ಈ ಅರ್ಥವೇ ಗಟ್ಟಿಯಾಯಿತು. ನಮ್ಮಲ್ಲಿ ಈಗ ಲಿಬರಲ್ ಅನ್ನುವ ಪದವನ್ನು ಸುಮ್ನೆ ಬೈಗುಳದ ಹಾಗೆ ಬಳಸುತ್ತಾರೆ, ಅದು ನನಗೆ ಬೇಸರ. ಯಾರಾದರೂ ಹಾಗಂದರೆ, ಯಾವ ಅರ್ಥದಲ್ಲಿ ಅಂತ ಕೇಳಿ.