ಎಡಗೈಯ ಗಿಟಾರ್, ಕೂಗುವ ಸ್ಪೀಕರ್

ಪ್ರಶ್ನೆ: ಅಣ್ಣನವರಿಗೆ ನಮಸ್ಕಾರ. ನನ್ನ ಮಗ ಕಾಸರಗೋಡಿನಲ್ಲಿ ಪದವಿ ಓದುತ್ತಿದ್ದಾನೆ. ಎಡಚ. ಗಿಟಾರನ್ನೂ ಎಡಗೈಯಲ್ಲೇ ಮೀಟುತ್ತಾನೆ. ಬಲಗೈ ಅಭ್ಯಾಸ ಮಾಡು ಎಂದರೆ ಜಿಮಿ ಹೆಂಡ್ರಿಕ್ಸ್ ಎಂಬವರ ಹೆಸರು ಹೇಳುತ್ತಾನೆ. ಮೊಬೈಲಿನಲ್ಲಿ ನೋಡಿದರೆ ಆ ಮನುಷ್ಯ ವೇದಿಕೆಯಲ್ಲೇ ಗಿಟಾರಿಗೆ ಬೆಂಕಿ ಕೊಡುತ್ತಿದ್ದಾರೆ! ನಮ್ಮ ಮನೆಯಲ್ಲಿ ಮದ್ದಳೆಗೆ ಕಾಲು ತಾಗಿದರೂ ಮುಟ್ಟಿ ನಮಸ್ಕರಿಸುತ್ತೇವೆ. ಈ ಕಿರುಚಾಟ ಸಂಗೀತವೇ?
– ಪೆರ್ಲದ ಓದುಗರೊಬ್ಬರು

ಉತ್ತರ: ಅಕ್ಕಾ, ಕೈಯ ವಿಷಯ ಮೊದಲು. ಮಗನ ಕೈ ಬದಲಿಸಲು ಹೋಗಬೇಡಿ. 1942ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬಡ ಮನೆಯೊಂದರಲ್ಲಿ ಹುಟ್ಟಿದ ರಾಕ್ ಗಿಟಾರ್ ವಾದಕ ಹೆಂಡ್ರಿಕ್ಸ್ ಎಡಗೈಯಲ್ಲಿ ನುಡಿಸುವುದು ಅವರ ತಂದೆಗೂ ಹಿಡಿಸುತ್ತಿರಲಿಲ್ಲವೆಂದು ಅವರ ತಮ್ಮ ಲಿಯಾನ್ ಹೇಳಿದ್ದಾರೆ. ಆದರೂ 1959ರಲ್ಲಿ ಮೊದಲ ಎಲೆಕ್ಟ್ರಿಕ್ ಗಿಟಾರ್ ಕೊಡಿಸಿದವರು ಅದೇ ತಂದೆ. ಮುಂದೆ ಹೆಂಡ್ರಿಕ್ಸ್ ಬಲಗೈಯವರ ಸ್ಟ್ರಾಟೊಕಾಸ್ಟರ್ ಗಿಟಾರನ್ನೇ ತಿರುಗಿಸಿ ಹಿಡಿದು, ತಂತಿಗಳನ್ನು ತನ್ನ ಕೈಗೆ ತಕ್ಕಂತೆ ಮರುಕಟ್ಟಿಕೊಂಡರು. ಸದ್ದನ್ನು ಹೆಚ್ಚು ಕಡಿಮೆ ಮಾಡುವ, ಕೆಳಗಿರಬೇಕಾದ ತಿರುಪುಗಳು ಮೇಲೆ ಬಂದವು. ತಂತಿಗಳನ್ನು ಹೊರುವ ಕುದುರೆಯ ಬಳಿ ಓರೆಯಾಗಿ ಕೂರಿಸಿದ ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ, ಅದೂ ತಿರುಗಿತು; ಅದರಿಂದ ದಪ್ಪ ತಂತಿಗಳ ನಾದಕ್ಕೆ ಹೊಳಪು ಬಂತು, ಸಣ್ಣ ತಂತಿಗಳ ನಾದ ಮೆದುವಾಯಿತು. ಅವರ ನಾದದ ಗುರುತಿನಲ್ಲಿ ಇದಕ್ಕೂ ಪಾಲಿದೆ.

ಇನ್ನು ಕಿರುಚಾಟ. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಮಾತನಾಡುತ್ತೇನೆ, ಏಕೆಂದರೆ ಬದಿಯಡ್ಕ, ನೀರ್ಚಾಲು ಕಡೆಯ ಬಯಲಾಟಗಳಿಗೆ ಮೈಕ್ ಕಟ್ಟಿಯೇ ಬದುಕಿದವನು ನಾನು. ಭಾಗವತರ ಮೈಕ್ ಸ್ಪೀಕರಿನ ಕಡೆಗೆ ಕೊಂಚ ವಾಲಿದರೂ ಸಾಕು, 'ಕೂಂ' ಎಂದು ಕೂಗು ಏಳುತ್ತದೆ. ಸ್ಪೀಕರಿನ ಸದ್ದನ್ನು ಮೈಕ್ ಮತ್ತೆ ಕೇಳಿಸಿಕೊಂಡು ಆಂಪ್ಲಿಫೈಯರಿಗೆ ಕೊಡುತ್ತದೆ, ಅದು ಇನ್ನಷ್ಟು ದೊಡ್ಡದಾಗಿ ಹೊರಬರುತ್ತದೆ. ಪದ್ಯದ ನಡುವೆ ಅದು ಬಂದರೆ ನಮ್ಮ ಮಾನ ಹೋದ ಹಾಗೆ. ಆ ಕೂಗನ್ನು ಹೆಂಡ್ರಿಕ್ಸ್ ಬೇಕೆಂದೇ ಎಬ್ಬಿಸುತ್ತಿದ್ದರು! ದೊಡ್ಡ ಮಾರ್ಷಲ್ ಆಂಪ್ಲಿಫೈಯರಿನ ಮುಂದೆ ಗಿಟಾರ್ ಹಿಡಿದು ನಿಂತರೆ, ಸ್ಪೀಕರಿನ ಸದ್ದೇ ತಂತಿಯನ್ನು ಮತ್ತೆ ಮತ್ತೆ ನಡುಗಿಸುತ್ತದೆ. ಒಮ್ಮೆ ಮೀಟಿದ ಸ್ವರ ಸಾಯುವುದಿಲ್ಲ. ಒಂದು ಹೆಜ್ಜೆ ಆಚೀಚೆ ಸರಿದರೆ ಬೇರೆ ಸ್ವರ ಮೇಲೇಳುತ್ತದೆ. ಬೇಡದ ತಂತಿಗಳನ್ನು ಅಂಗೈಯಿಂದ ಅದುಮಿ, ಗಿಟಾರಿಗೆ ಜೋಡಿಸಿದ ಲೋಹದ ಸನ್ನೆಕೋಲನ್ನು ಒತ್ತಿ ಸ್ವರವನ್ನು ಇಳಿಸಿ, ಕಾಲಿನಲ್ಲಿ ನಾದವನ್ನು 'ವಾ ವಾ' ಎಂದು ಹೊರಳಿಸುವ ವಾ-ವಾ ಪೆಡಲ್ ತುಳಿಯುತ್ತ ಆ ಕೂಗನ್ನು ಹಾಡಿಸುವುದು ಎಷ್ಟು ಕಷ್ಟವೆಂದು ಮೈಕಿನವನಾದ ನಾನು ಬಲ್ಲೆ. ಅದು ಶುದ್ಧ ಸಾಧನೆ.

ಅಮೆರಿಕದ ವುಡ್‌ಸ್ಟಾಕ್ ಸಂಗೀತೋತ್ಸವದ ದೃಶ್ಯವನ್ನು ಮಗನೊಂದಿಗೆ ಕೂತು ನೋಡಿ. 1969ರ ಆಗಸ್ಟ್ 18, ಸೋಮವಾರ ಬೆಳಗ್ಗೆ. ಹಿಂದಿನ ರಾತ್ರಿಯೇ ಮುಗಿಯಬೇಕಿದ್ದ ಉತ್ಸವ ತಡವಾಗಿ, ಜನರಲ್ಲಿ ಹೆಚ್ಚಿನವರು ಮನೆಗೆ ಹೊರಟಿದ್ದರು. ಅಲ್ಲಿ ಅವರು ಅಮೆರಿಕದ ರಾಷ್ಟ್ರಗೀತೆಯನ್ನು ಗಿಟಾರಿನಲ್ಲಿ ನುಡಿಸಿದರು. ನಡುನಡುವೆ ಬಾಂಬು ಬೀಳುವ, ವಿಮಾನ ಎರಗುವ ಸದ್ದು, ಎಲ್ಲವೂ ಆರು ತಂತಿಗಳಿಂದ. ಆಗ ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ಅವರೂ 1961–62ರಲ್ಲಿ ಪ್ಯಾರಾಚೂಟ್ ಪಡೆಯ ಸೈನಿಕರಾಗಿದ್ದವರು. ನನಗೆ ಇವತ್ತಿಗೂ ಅದನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ.

ಬೆಂಕಿಯ ವಿಷಯದಲ್ಲಿ ನಾನು ನಿಮ್ಮ ಪಕ್ಷ. ಅದು 1967ರ ಜೂನ್ 18, ಕ್ಯಾಲಿಫೋರ್ನಿಯಾದ ಮಾಂಟೆರೆ ಸಂಗೀತೋತ್ಸವ. ಅದೇ ಮಧ್ಯಾಹ್ನ ಅಲ್ಲಿ ಸಿತಾರ್ ನುಡಿಸಿದ್ದ ಪಂಡಿತ್ ರವಿಶಂಕರರಿಗೂ ವಾದ್ಯವನ್ನು ಸುಟ್ಟದ್ದು ಬಹಳ ನೋವು ಕೊಟ್ಟಿತ್ತು. ವರ್ಷಗಟ್ಟಲೆ ಗಾಯಕ ಲಿಟಲ್ ರಿಚರ್ಡ್ ಮುಂತಾದವರ ಹಿಂದೆ ನಿಂತು ನುಡಿಸಿ, 1966ರಲ್ಲಿ ಅವರ ಮ್ಯಾನೇಜರ್ ಆದ ಚಾಸ್ ಚಾಂಡ್ಲರ್ ಕೈಹಿಡಿದು ಲಂಡನ್ನಿಗೆ ಕರೆದೊಯ್ದ ಮೇಲೆ ಹೆಸರಾದ ಕಲಾವಿದ, ತನ್ನ ದೇಶದವರೆದುರು ಒಮ್ಮೆಲೇ ಮನೆಮಾತಾಗಬೇಕೆಂದು ಬಯಸಿದ್ದು ನನಗೆ ಅರ್ಥವಾಗುತ್ತದೆ. ಹಾಗೆಂದು ಒಪ್ಪಲಾರೆ. ಬಯಲಾಟದ ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ಚೆಂಡೆಯನ್ನು ಕಣ್ಣಿಗೊತ್ತಿಕೊಂಡು ಹೆಗಲಿಗೇರಿಸುವವರನ್ನು ನೋಡಿ ಬೆಳೆದವರಿಗೆ ಅದು ಸಾಧ್ಯವೂ ಇಲ್ಲ.

ಪ್ರಶ್ನೆ: ಹೆಂಡ್ರಿಕ್ಸ್ ಕಾಲದ, ಮನಸ್ಸನ್ನು ತೇಲಿಸುವ ಸೈಕೆಡೆಲಿಕ್ ಸಂಗೀತಕ್ಕೆ ಅಮಲು ಪದಾರ್ಥ ಬೇಕೇ ಬೇಕೆಂದು ಗೆಳೆಯರು ಹೇಳುತ್ತಾರೆ. ನಿಜವೇ?
– ಮುಳ್ಳೇರಿಯದ ವಿದ್ಯಾರ್ಥಿ

ಉತ್ತರ: ಇಲ್ಲ, ತಮ್ಮಾ. ಆ ಕಾಲದ ಕಲಾವಿದರಲ್ಲಿ ಅಮಲು ಇತ್ತು, ಹೆಂಡ್ರಿಕ್ಸ್ ಕೂಡ ಹೊರತಲ್ಲ. ಆದರೆ ತೇಲಿಸುವ ಆ ನಾದವನ್ನು ಹುಟ್ಟಿಸಿದ್ದು ಟ್ರಾನ್ಸಿಸ್ಟರು, ಟೇಪು, ತಿರುಗುವ ಸ್ಪೀಕರು ಮತ್ತು ಸ್ಟುಡಿಯೋದಲ್ಲಿ ಕಳೆದ ರಾತ್ರಿಗಳು. ಅಮಲು ಕೊಟ್ಟದ್ದು ಬೇರೆ: 1970ರ ಸೆಪ್ಟೆಂಬರ್ 18ರಂದು ಲಂಡನ್ನಿನಲ್ಲಿ ನಿದ್ದೆ ಮಾತ್ರೆ ವಿಪರೀತವಾಗಿ, ವಾಂತಿಯಿಂದ ಉಸಿರುಗಟ್ಟಿ ಅವರು ತೀರಿಕೊಂಡರು. 27 ವರ್ಷ. ನ್ಯೂಯಾರ್ಕಿನಲ್ಲಿ ಅವರ ಸ್ವಂತ ಸ್ಟುಡಿಯೋ ತೆರೆದು ತಿಂಗಳೂ ತುಂಬಿರಲಿಲ್ಲ. ಅಲ್ಲಿ ಏನೆಲ್ಲ ಮಾಡಬಹುದಿತ್ತು!

ನೀವು 1967ರ 'ಲಿಟಲ್ ವಿಂಗ್' ಕೇಳಿ. ಎರಡೂವರೆ ನಿಮಿಷವೂ ಇಲ್ಲ. ಗದ್ದಲವಿಲ್ಲ. ಗಿಟಾರಿನ ನಾದ ತಿರುಗುವ ಸ್ಪೀಕರಿನಿಂದ ಅಲೆಯಲೆಯಾಗಿ ಬರುತ್ತದೆ, ಪಕ್ಕದಲ್ಲಿ ಗಂಟೆಯಂತೆ ಗ್ಲಾಕನ್‌ಸ್ಪೀಲ್ ಎಂಬ ಲೋಹದ ಪಟ್ಟಿಗಳ ವಾದ್ಯ. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಬೇಡ, ಇಯರ್‌ಫೋನ್ ಹಾಕಿ ಕೇಳಿ.