ಒಂದನೇ ತರಗತಿಯ ಮಗುವಿಗೆ ದಿನವೂ ಹೋಂವರ್ಕ್ ಬೇಕೇ?

ನಿಮ್ಮ ಮಗಳಿಗೆ ಆರು ವರ್ಷ, ದಿನವೂ ನಾಲ್ಕು ಪುಟ ಬರೆಯಲು ಕೊಡುತ್ತಾರೆ, ರಾತ್ರಿ ಊಟದ ಹೊತ್ತಿಗೆ ಅಳು ಶುರುವಾಗುತ್ತದೆ, ಬರೆಸುವುದನ್ನು ಬಿಟ್ಟರೆ ಓದಿನಲ್ಲಿ ಹಿಂದೆ ಬೀಳುತ್ತಾಳೆಯೇ ಎಂದು ಕೇಳಿದ್ದೀರಿ. ಬೀಳುವುದಿಲ್ಲ. ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಯ ನಲಿ-ಕಲಿ ಮಕ್ಕಳಿಗೆ ಕಲಿಸುವವಳು ನಾನು. ಈ ಮಾತನ್ನು ಧೈರ್ಯವಾಗಿ ಹೇಳುತ್ತೇನೆ.

‘ಮರ’ ಎಂದು ಹತ್ತು ಸಲ ಬರೆಯಲು ಹೇಳಿದಾಗ ಮಗು ಏನು ಮಾಡುತ್ತದೆಂದು ಪಕ್ಕದಲ್ಲಿ ಕುಳಿತು ನೋಡಿ. ಎಷ್ಟೋ ಮಕ್ಕಳು ಮೇಲಿನಿಂದ ಕೆಳಗಿನವರೆಗೆ ಮೊದಲು ಹತ್ತು ‘ಮ’ ಬರೆದು ಮುಗಿಸುತ್ತಾರೆ, ಆಮೇಲೆ ಮತ್ತೆ ಮೇಲಕ್ಕೆ ಬಂದು ಹತ್ತು ‘ರ’ ಸೇರಿಸುತ್ತಾರೆ. ಪುಟ ತುಂಬುತ್ತದೆ, ಆದರೆ ಮರ ಎಂಬ ಪದ ಒಮ್ಮೆಯೂ ಅವರ ಬಾಯಿಗೆ ಬಂದಿರುವುದಿಲ್ಲ. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಮೊದಲ ಸಾಲನ್ನು ಮಗು ಟೀಚರ್ ಬರೆದುಕೊಟ್ಟದ್ದನ್ನು ನೋಡಿ ಬರೆಯುತ್ತದೆ. ಎರಡನೆಯದನ್ನು ತನ್ನದೇ ಮೊದಲ ಸಾಲು ನೋಡಿ, ಮೂರನೆಯದನ್ನು ಎರಡನೆಯದು ನೋಡಿ. ‘ಹೂವು’ ಬರೆಯುವಾಗ ಎರಡನೇ ಸಾಲಿನಲ್ಲಿ ದೀರ್ಘ ಬಿಟ್ಟುಹೋಯಿತೆಂದರೆ ಪುಟದ ಕೊನೆಯವರೆಗೂ ‘ಹುವು’ ಎಂದೇ ಇರುತ್ತದೆ. ತರಗತಿಯಲ್ಲಾದರೆ ಅಲ್ಲೇ ಕೈ ಹಿಡಿದು ತಿದ್ದುತ್ತೇನೆ. ಮನೆಯಲ್ಲಿ ಆ ತಪ್ಪು ಒಂಬತ್ತು ಸಲ ಅಭ್ಯಾಸವಾಗಿ, ಮರುದಿನ ಗಟ್ಟಿಯಾಗಿ ನನ್ನೆದುರು ಬಂದು ನಿಲ್ಲುತ್ತದೆ. ಅದನ್ನು ಬಿಡಿಸಲು ಹೊಸದಾಗಿ ಕಲಿಸುವುದಕ್ಕಿಂತ ಹೆಚ್ಚು ದಿನ ಬೇಕು.

ಇದು ನನ್ನೊಬ್ಬಳ ಅಭಿಪ್ರಾಯವಲ್ಲ. ಶಾಲಾ ಮಕ್ಕಳ ಕಲಿಕೆಯ ಹೊರೆ ತಗ್ಗಿಸಲು ಕೇಂದ್ರ ಸರ್ಕಾರ ನೇಮಿಸಿದ್ದ ಪ್ರೊ. ಯಶಪಾಲ್ ಸಮಿತಿ 1993ರಷ್ಟು ಹಿಂದೆಯೇ ಪ್ರಾಥಮಿಕ ತರಗತಿಗಳಿಗೆ ಹೋಂವರ್ಕ್ ಬೇಡ, ಮನೆಯ ಸುತ್ತಮುತ್ತಲನ್ನು ನೋಡಿ ತಿಳಿಯುವಂಥದ್ದು ಏನಾದರೂ ಇದ್ದರೆ ಸಾಕು ಎಂದಿತ್ತು. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಎರಡನೇ ತರಗತಿಯವರೆಗೆ ಹೋಂವರ್ಕ್ ಕೊಡುವಂತಿಲ್ಲ. ಮೂರರಿಂದ ಐದರವರೆಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ದಿನಕ್ಕಲ್ಲ, ವಾರಕ್ಕೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಹೋಂವರ್ಕ್ ಕುರಿತ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದರು. ಹೋಂವರ್ಕಿಗೂ ಅಂಕಗಳಿಗೂ ಇರುವ ನಂಟು ಏಳನೇ ತರಗತಿಯಿಂದ ಮೇಲೆ ಚೆನ್ನಾಗಿ ಕಾಣುತ್ತದೆ, ಚಿಕ್ಕ ಮಕ್ಕಳಲ್ಲಿ ತೀರಾ ದುರ್ಬಲ ಎಂಬುದು ಅವರಿಗೆ ಕಂಡದ್ದು.

ಹಾಗಿದ್ದೂ ಹೋಂವರ್ಕ್ ಏಕೆ ನಿಂತಿಲ್ಲ? ಪೋಷಕರು ಕೇಳುತ್ತಾರೆ, ಅದಕ್ಕೆ. ‘ಏನೂ ಬರೆಯಲು ಕೊಡುವುದಿಲ್ಲವಲ್ಲ ಮೇಡಂ, ಪಾಠ ನಡೆಯುತ್ತಿದೆಯೇ?’ ಎಂದು ನನ್ನನ್ನೇ ಎಷ್ಟೋ ಜನ ಕೇಳಿದ್ದಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಅದೇ ತರಗತಿಯಲ್ಲಿ ಓದಲು ಬಾರದ ತಂದೆತಾಯಿಯ ಮಕ್ಕಳಿರುತ್ತಾರೆ, ರಾತ್ರಿ ಪಾಳಿಗೆ ಹೋಗುವ ತಾಯಿಯ ಮಕ್ಕಳಿರುತ್ತಾರೆ. ಮರುದಿನ ಖಾಲಿ ಪುಸ್ತಕ ತಂದು ಎದ್ದು ನಿಲ್ಲುವುದು ಅವರೇ. ಮನೆಯಲ್ಲಿ ಹೇಳಿಕೊಡುವವರಿಲ್ಲ ಎಂಬ ಕಾರಣಕ್ಕೆ ಆರು ವರ್ಷದ ಮಗು ಶಿಕ್ಷೆ ಅನುಭವಿಸುವುದನ್ನು ನಾನು ಒಪ್ಪಲಾರೆ.

ಮನೆಯಲ್ಲಿ ಏನೂ ಮಾಡಿಸಬೇಡಿ ಎನ್ನುತ್ತಿಲ್ಲ. ಒಂದೇ ಒಂದು ಕೆಲಸಕ್ಕೆ ಸಮಯ ಇದ್ದರೆ ಓದಿ ಹೇಳಿ. ಹತ್ತು ನಿಮಿಷ ಸಾಕು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಓದುತ್ತಿರುವ ಸಾಲಿನ ಕೆಳಗೆ ಬೆರಳಿಟ್ಟು ಓದಿ. ಅದೇ ಕಥೆಯನ್ನು ಮತ್ತೆ ಮತ್ತೆ ಕೇಳಿದರೆ ಬೇಸರಿಸಬೇಡಿ; ಮುಂದಿನ ಪದವನ್ನು ಅವಳೇ ಊಹಿಸಿ ಹೇಳತೊಡಗುವುದು ಹಾಗೆಯೇ. ಲೆಕ್ಕಕ್ಕೆ ಚೌಕಾಬಾರ ಆಡಿ. ನಾಲ್ಕು ಕವಡೆ ಬೀಸಿ, ಬಿದ್ದದ್ದನ್ನು ಎಣಿಸಿ, ಅಷ್ಟು ಮನೆ ನಡೆಸಿ, ಯಾವ ಕಾಯಿ ನಡೆಸಿದರೆ ಎದುರಿನವರ ಕಾಯಿ ಹೊಡೆಯಬಹುದು ಎಂದು ಮೊದಲೇ ಲೆಕ್ಕ ಹಾಕುವಷ್ಟರಲ್ಲಿ ಕೂಡುವುದು ಕಳೆಯುವುದು ಎರಡೂ ಆಗಿರುತ್ತದೆ. ಅಳಗುಳಿಮಣೆ ಇದ್ದರಂತೂ ಇನ್ನೂ ಒಳ್ಳೆಯದು. ಬರೆಯಲೇಬೇಕೆನಿಸಿದರೆ ಅಂಗಡಿಯಿಂದ ತರಬೇಕಾದ ಮೂರು ಸಾಮಾನಿನ ಹೆಸರು ಬರೆಸಿ. ‘ಬೆಲ್ಲ’ದ ಒತ್ತಕ್ಷರ ತಪ್ಪಿದರೂ ಅಂಗಡಿಯಲ್ಲಿ ಅವಳೇ ಚೀಟಿ ಓದಲಿ. ತನ್ನ ಬರಹದಿಂದ ಏನೋ ಕೆಲಸ ನಡೆಯುತ್ತದೆಂದು ಗೊತ್ತಾದ ಮಗುವಿಗೆ ಬರೆಯಲು ಒತ್ತಾಯ ಬೇಕಿಲ್ಲ.

ಇನ್ನು ಶಾಲೆಯ ಮಾತು. ಜಗಳಕ್ಕೆ ಹೋಗಬೇಡಿ, ಟೀಚರ್ ಮೇಲೂ ಆಡಳಿತ ಮಂಡಳಿಯ ಒತ್ತಡ ಇರುತ್ತದೆ. ಇಪ್ಪತ್ತು ನಿಮಿಷವಾದ ಮೇಲೆ ಪುಸ್ತಕ ಮುಚ್ಚಿಸಿ, ಡೈರಿಯಲ್ಲಿ ‘ಇಂದು ಇಷ್ಟೇ ಬರೆದಳು, ನಾನೇ ನಿಲ್ಲಿಸಿದೆ’ ಎಂದು ಬರೆದು ಸಹಿ ಹಾಕಿ. ಪೋಷಕರ ಸಭೆಯಲ್ಲಿ 2020ರ ನೀತಿಯನ್ನು ಸಮಾಧಾನದಿಂದ ಪ್ರಸ್ತಾಪಿಸಿ. ಜೊತೆಗೆ ಇನ್ನಿಬ್ಬರು ಪೋಷಕರಿದ್ದರೆ ಮಾತಿಗೆ ತೂಕ ಬರುತ್ತದೆ. ಉಳಿದ ಪುಟವನ್ನು ಮಾತ್ರ ದಯವಿಟ್ಟು ನೀವು ಬರೆದು ತುಂಬಿಸಬೇಡಿ. ಅರ್ಧಕ್ಕೆ ನಿಂತ ಪುಟ ನೋಡಿದರೆ ಮಗು ಎಲ್ಲಿ ಸಿಕ್ಕಿಕೊಂಡಿದೆ ಎಂದು ನಮಗೆ ತಿಳಿಯುತ್ತದೆ, ಮರುದಿನದ ಪಾಠವನ್ನು ಅಲ್ಲಿಂದ ಶುರು ಮಾಡಬಹುದು.